ನಿಯಮ ಒಪ್ಪಿದರೂ ಮನಸ್ಸು ಒಪ್ಪದ ಭೇಟಿಗಳು

2021ರ ನವೆಂಬರ್ 26ರಂದು ವಿಶ್ವ ಆರೋಗ್ಯ ಸಂಸ್ಥೆಯು ಕೊರೊನಾದ ಹೊಸ ರೂಪಾಂತರಿಗೆ ಓಮಿಕ್ರಾನ್ ಎಂದು ಹೆಸರಿಟ್ಟು, ಅದನ್ನು ಕಳವಳಕಾರಿ ರೂಪಾಂತರಿಗಳ ಪಟ್ಟಿಗೆ ಸೇರಿಸಿದಾಗ, ಡಿಸೆಂಬರ್ ತಿಂಗಳಿಗೆಂದು ನಾನು ಒಪ್ಪಿಕೊಂಡಿದ್ದ ಆಹ್ವಾನಗಳು ಐದು. ಎರಡು ಡೋಸ್ ಲಸಿಕೆ ಪಡೆದು, ನಾಲ್ಕು ಜನರ ನಡುವೆ ನಿಶ್ಚಿಂತೆಯಿಂದ ಕೂರುವುದನ್ನು ಆಗಷ್ಟೇ ಮತ್ತೆ ರೂಢಿಸಿಕೊಂಡಿದ್ದೆ. ಕೆಲವೇ ವಾರಗಳಲ್ಲಿ ಮಾಸ್ಕ್ ಪುನಃ ಕಡ್ಡಾಯವಾಯಿತು, ಒಂದೆಡೆ ಸೇರುವವರ ಸಂಖ್ಯೆಗೆ ಮಿತಿ ಬಂತು, ಸಾಧ್ಯವಿರುವವರು ಮನೆಯಿಂದಲೇ ಕೆಲಸ ಮಾಡಬೇಕೆಂಬ ಸೂಚನೆಯೂ ಹೊರಟಿತು. ನಿಯಮ ನಿಷೇಧಿಸಿದ್ದರ ಬಗ್ಗೆ ನನಗೆ ಗೊಂದಲವಿರಲಿಲ್ಲ. ನಿಯಮ ಅನುಮತಿಸಿದ್ದರೂ ಮನಸ್ಸು ಒಪ್ಪದಿದ್ದ ಭೇಟಿಗಳೇ ನನ್ನ ನಿದ್ದೆ ಕೆಡಿಸಿದವು.

ಮೊದಲ ಕೂಟಕ್ಕೆ ಹೋದೆ. ಕಿಟಕಿಗಳೆಲ್ಲ ಮುಚ್ಚಿದ್ದ ಕೋಣೆಯಲ್ಲಿ ಹದಿನಾಲ್ಕು ಜನರಿದ್ದರು. ಯಾರೋ ಗಂಟಲು ಸರಿಪಡಿಸಿಕೊಂಡಾಗ, ನನ್ನ ಕಿವಿ ಎದುರಿಗಿದ್ದವರ ಮಾತನ್ನು ಬಿಟ್ಟು ಆ ಕೆಮ್ಮಿನ ಕಡೆಗೇ ತಿರುಗಿತು. ಮುಕ್ಕಾಲು ಗಂಟೆಯಲ್ಲಿ ತಲೆನೋವೆಂದು ಸುಳ್ಳು ಹೇಳಿ ಹೊರಟುಬಿಟ್ಟೆ. ಮನೆಯಲ್ಲಿ ಶ್ವಾಸಕೋಶದ ತೊಂದರೆಯಿರುವ ತಾಯಿ ಇದ್ದಾರೆ. ಅವರ ಕೋಣೆಯ ಬಾಗಿಲಿನಲ್ಲಿ ನಿಂತು, ಒಳಗೆ ಹೋಗಲೋ ಬೇಡವೋ ಎಂದು ಯೋಚಿಸುತ್ತಿದ್ದಾಗ ನನಗೊಂದು ವಿಷಯ ಸ್ಪಷ್ಟವಾಯಿತು. ಸೋಂಕಿನ ಭಯದ ಜೊತೆಗೆ ಕೇಳುವ ಸಂಕೋಚವೂ ಗಂಟುಬಿದ್ದಿತ್ತು. ‘ಕಿಟಕಿ ತೆರೆಯಬಹುದೇ’ ಎಂಬ ಎರಡು ಪದಗಳನ್ನು ನಾನು ಆ ಸಂಜೆ ಆಡಿರಲಿಲ್ಲ.

ಆಮೇಲಿನ ಆಹ್ವಾನಗಳಿಗೆ ಮೊದಲೇ ಕರೆ ಮಾಡಿ, ಎಷ್ಟು ಜನ ಬರುತ್ತಾರೆ, ಕಿಟಕಿಗಳು ತೆರೆದಿರುತ್ತವೆಯೇ ಎಂದು ಕೇಳಲಾರಂಭಿಸಿದೆ. ಈ ವೈರಸ್ ಹರಡುವುದು ಹತ್ತಿರದಿಂದ ಸಿಡಿಯುವ ಹನಿಗಳಿಂದ ಮಾತ್ರವಲ್ಲ. ಉಸಿರಾಡುವಾಗಲೂ ಮಾತನಾಡುವಾಗಲೂ ಹೊರಬೀಳುವ ಅತಿ ಸೂಕ್ಷ್ಮ ಕಣಗಳು, ಗಾಳಿಯಾಡದ ಕೋಣೆಯಲ್ಲಿ ಬಹಳ ಹೊತ್ತು ತೇಲುತ್ತಿರುತ್ತವೆ. ಹೀಗಾಗಿ ಅಂತರ ಕಾಯ್ದುಕೊಂಡು ಕುಳಿತರೂ ಮುಚ್ಚಿದ ಕೋಣೆ ಮುಚ್ಚಿದ ಕೋಣೆಯೇ. ಕೋಣೆಯಲ್ಲಿ ಗಾಳಿ ಎಷ್ಟು ಆಡುತ್ತಿದೆ ಎಂದು ಅಂದಾಜಿಸಲು ಅಂಗೈಯಗಲದ ಇಂಗಾಲದ ಡೈಆಕ್ಸೈಡ್ ಮಾಪಕವೊಂದನ್ನು ಕೊಂಡೆ. ಹೊರಗಿನ ಗಾಳಿಯಲ್ಲಿ ಆ ಅನಿಲ ದಶಲಕ್ಷಕ್ಕೆ 400 ಭಾಗಕ್ಕಿಂತ ತುಸು ಹೆಚ್ಚಿರುತ್ತದೆ. ನಾವು ಹೊರಬಿಡುವ ಉಸಿರಿನಲ್ಲಿ ಸುಮಾರು 40,000. ಆದ್ದರಿಂದ ಅಂಕಿ ಏರಿದಷ್ಟೂ, ಇತರರು ಬಿಟ್ಟ ಉಸಿರನ್ನು ನಾವು ಎಳೆದುಕೊಳ್ಳುತ್ತಿದ್ದೇವೆಂದು ತಿಳಿಯಬೇಕು. ಮಾಪಕಕ್ಕೆ ವೈರಸ್ ಕಾಣಿಸುವುದಿಲ್ಲ ಎಂಬುದನ್ನೂ ಮರೆಯಬಾರದು: ಗಾಳಿ ಶೋಧಕ ಓಡುತ್ತಿದ್ದರೆ ಕಣಗಳು ಕಡಿಮೆಯಾಗಿರಬಹುದು, ಅನಿಲದ ಅಂಕಿ ಮಾತ್ರ ಇಳಿಯುವುದಿಲ್ಲ.

ಗೆಳತಿಯೊಬ್ಬಳ ಮನೆಯಲ್ಲಿ ಆರು ಜನ ಕುಳಿತಿದ್ದಾಗ ಅದು 1,640 ತೋರಿಸಿತು. ನಾನು ಅದನ್ನು ಮೇಜಿನ ಮೇಲಿಟ್ಟು, ಎದುರುಬದುರು ಇದ್ದ ಎರಡು ಕಿಟಕಿಗಳನ್ನು ತೆರೆಯೋಣವೇ ಎಂದೆ. ಪರದೆ ಒಮ್ಮೆ ಒಳಕ್ಕೆ ಉಬ್ಬಿತು. ಎಲ್ಲರ ಕಣ್ಣೂ ಅಂಕಿಯ ಮೇಲೆಯೇ ಇತ್ತು. ಕಾಲು ಗಂಟೆಯಲ್ಲಿ ಅದು 800ಕ್ಕಿಂತ ಕೆಳಗೆ ಬಂತು. ನನ್ನ ಭುಜಗಳು ಸಡಿಲವಾದದ್ದು ನನಗೇ ತಿಳಿಯಿತು, ಆಮೇಲಿನ ಮಾತುಕತೆ ಇಂದಿಗೂ ನೆನಪಿದೆ.

ಮನೆಯಲ್ಲೇ ಮಾಡಿಕೊಳ್ಳುವ ರ‍್ಯಾಪಿಡ್ ಟೆಸ್ಟ್ ಬಗ್ಗೆ ಒಂದು ಮಾತು. ಆರಂಭದಲ್ಲಿ ನಾನು ಅದನ್ನು ಹಿಂದಿನ ರಾತ್ರಿಯೇ ಮಾಡಿಕೊಂಡು ನಿರಾಳವಾಗುತ್ತಿದ್ದೆ, ಅದು ತಪ್ಪು. ಸೋಂಕು ತಗುಲಿದ ಮೊದಲ ದಿನಗಳಲ್ಲಿ ಪರೀಕ್ಷೆ ನೆಗೆಟಿವ್ ಬರುವುದು ಸಾಮಾನ್ಯ, ರೋಗಲಕ್ಷಣ ಕಾಣುವ ಒಂದೆರಡು ದಿನ ಮೊದಲೇ ಇನ್ನೊಬ್ಬರಿಗೆ ಹರಡಲೂ ಸಾಧ್ಯ. ಹೊರಡುವ ಮುನ್ನ ಮಾಡಿದ ಪರೀಕ್ಷೆಗೂ ಆ ಕೆಲವು ಗಂಟೆಗಳ ಮಟ್ಟಿಗಷ್ಟೇ ಬೆಲೆ ಕೊಟ್ಟೆ; ಗಂಟಲು ಕೆರೆದರೆ, ಫಲಿತಾಂಶ ಏನೇ ಇರಲಿ, ಮನೆಯಲ್ಲೇ ಉಳಿದೆ.

ಎಲ್ಲಕ್ಕಿಂತ ಕಷ್ಟವಾದದ್ದು ಬರುವುದಿಲ್ಲವೆಂದು ಹೇಳುವುದು. ‘ಅನುಮತಿ ಇದೆಯಲ್ಲ, ನಮ್ಮ ಮನೆಯವರೇನು ರೋಗಿಗಳೇ?’ ಎಂದು ಹತ್ತಿರದ ಬಂಧುವೊಬ್ಬರು ಕೇಳಿದರು. ನನ್ನ ಭಯ ಅವರಿಗೆ ಆರೋಪದಂತೆ ಕೇಳಿಸಿತ್ತು. ತಾಯಿಯ ಸ್ಥಿತಿಯನ್ನು ಮೊದಲೇ ವಿವರಿಸದೆ, ಕೆಲಸದ ನೆಪ ಹೇಳಿದ್ದು ನನ್ನದೇ ತಪ್ಪು. ಆ ನೋವು ಇನ್ನೂ ಪೂರ್ತಿ ಮಾಸಿಲ್ಲ.

ಐದನೆಯ ಆಹ್ವಾನಕ್ಕೆ ಉತ್ತರ ಬರೆಯುವಾಗ ಮೂರು ಬಾರಿ ನೆಪಗಳನ್ನು ಅಳಿಸಿದೆ. ಕೊನೆಗೆ, ‘ನಿನ್ನನ್ನು ನೋಡಬೇಕೆಂಬ ಆಸೆ ಇದೆ, ಆದರೆ ಅಷ್ಟು ಜನರೊಂದಿಗೆ ಒಳಗೆ ಕೂರಲು ಹೆದರಿಕೆಯಾಗುತ್ತಿದೆ’ ಎಂದಷ್ಟೇ ಬರೆದೆ. ಹತ್ತು ನಿಮಿಷದಲ್ಲಿ ಗೆಳೆಯನ ಉತ್ತರ ಬಂತು: ‘ನನಗೂ ಹಾಗೇ ಅನ್ನಿಸುತ್ತಿತ್ತು, ಹೇಳಲು ಆಗಿರಲಿಲ್ಲ. ಭಾನುವಾರ ಬೆಳಿಗ್ಗೆ ಇಬ್ಬರೇ ನಡೆಯಲು ಹೋಗೋಣವೇ?’