ಗಿಟಾರಿನ 'ಇ'ಗೆ ನನ್ನ 'ಸ'

ನಮ್ಮಪ್ಪ ಓಲಗದವರು. ಕದ್ರಿ ಗೋಪಾಲನಾಥರ ಕ್ಯಾಸೆಟ್ ಕೇಳಿ ನಾನು ಹಟ ಹಿಡಿದೆ. ಅಪ್ಪ ಸಾಲ ಮಾಡಿ ಹಳೇ ಆಲ್ಟೊ ಸ್ಯಾಕ್ಸೋಫೋನ್ ಕೊಡಿಸಿದರು.

ರಾಕ್ ಅಂದರೇನು ಅಂತ ಗೊತ್ತಾದದ್ದು 2003ರ ಏಪ್ರಿಲ್‌ನಲ್ಲಿ. ಅರಮನೆ ಮೈದಾನಕ್ಕೆ ರೋಲಿಂಗ್ ಸ್ಟೋನ್ಸ್ ಬಂದಿದ್ದರು. ಟಿಕೆಟ್‌ಗೆ ದುಡ್ಡಿರಲಿಲ್ಲ, ಕಾಂಪೌಂಡ್ ಹೊರಗೆ ನಿಂತೇ ಕೇಳಿದೆ. ಅವರ ಜೊತೆ ಊದುತ್ತಿದ್ದವರು ಬಾಬಿ ಕೀಸ್. ಆ ಸ್ಯಾಕ್ಸ್ ಹಾಡುತ್ತಿರಲಿಲ್ಲ, ಗದರುತ್ತಿತ್ತು!

ನನ್ನ ಮೊದಲ ಬ್ಯಾಂಡು ಇಂದಿರಾನಗರದ ಒಂದು ಪಬ್‌ನಲ್ಲಿ ನುಡಿಸುತ್ತಿತ್ತು. "ಹಾಡು ಇ ನಲ್ಲಿದೆ, ಸುಮ್ನೆ ಊದು ಮಗಾ" ಅಂದ ಗಿಟಾರಿನವನು. ಇ ಅನ್ನುವುದು ಪಾಶ್ಚಾತ್ಯ ಸ್ವರದ ಹೆಸರು, ಹಾಡಿನ ಸ ಅಲ್ಲಿದೆ ಅಂತ ಅರ್ಥ. ಅಲ್ಲೇ ಎಡವಟ್ಟಾದದ್ದು. ಆಲ್ಟೊದಲ್ಲಿ ನಾನು ಸಿ ಹಿಡಿದರೆ ಹೊರಗೆ ಕೇಳುವುದು ಇ ಫ್ಲಾಟ್, ನಮ್ಮ ಲೆಕ್ಕದಲ್ಲಿ ಎರಡೂವರೆ ಶ್ರುತಿ. ಗಿಟಾರಿನವರಿಗೆ ಇ, ಎ ಅಂದರೆ ಪ್ರಾಣ, ಖಾಲಿ ತಂತಿಗಳೇ ಆ ಸ್ವರ. ಅವರ ಇ ನನಗೆ ಸಿ ಶಾರ್ಪ್, ಅಂದರೆ ಏಳು ಶಾರ್ಪ್, ಏಳು ಸ್ವರವನ್ನೂ ಅರ್ಧ ಮೆಟ್ಟಿಲು ಏರಿಸಿ ಹಿಡಿಯಬೇಕು. ಅವರ ಎ ನನಗೆ ಎಫ್ ಶಾರ್ಪ್, ಆರು. ಎರಡು ಹಾಡಿಗೇ ಬೆರಳು ಕೈಕೊಟ್ಟವು. ಉಳಿದ ರಾತ್ರಿಯೆಲ್ಲಾ ಗಿಲಕಿ ಅಲ್ಲಾಡಿಸುತ್ತಾ ನಿಂತಿದ್ದೆ.

ಮನೆಗೆ ಬಂದು ಗೋಳು ಹೇಳಿಕೊಂಡಾಗ ಅಪ್ಪ ನಕ್ಕರು. "ಶ್ರುತಿ ಬದಲಾದ್ರೆ ಸ ಬದಲಾಗುತ್ತೆ. ರಾಗ ಎಲ್ಲೋ ಬದಲಾಗುತ್ತೆ?"

ಆರು ತಿಂಗಳು ಅದನ್ನೇ ಮಾಡಿದೆ. ಹನ್ನೆರಡು ಜಾಗದಲ್ಲೂ ಸ ಇಟ್ಟುಕೊಂಡು ಶುದ್ಧ ಧನ್ಯಾಸಿ ರಾಗ. ರಾಕ್‌ನವರು ಮೈನರ್ ಪೆಂಟಾಟೋನಿಕ್ ಅನ್ನುತ್ತಾರಲ್ಲ, ಅದು ಇದೇ ಐದು ಸ್ವರ: ಸ ಗ ಮ ಪ ನಿ. ಮ, ಪ ನಡುವೆ ಪ್ರತಿಮಧ್ಯಮ (ಅರ್ಧ ಮೆಟ್ಟಿಲು ಮೇಲಿನ ಮ) ಸ್ವಲ್ಪ ತಾಗಿಸಿದರೆ ಬ್ಲೂಸ್ ವಾಸನೆ ಬರುತ್ತದೆ. ಆದರೆ ಸ್ವರ ತೂಗಿಸುವ ಗಮಕ ಹಾಕಿದರೆ ಕೆಟ್ಟಿತು, ಥಟ್ಟನೆ ಕಛೇರಿ ಆಗಿಬಿಡುತ್ತದೆ. ಸ್ವರವನ್ನು ನೆಟ್ಟಗೆ ಹಿಡಿದು, ಕೊನೆಯಲ್ಲಿ ಮಾತ್ರ ತುಟಿ ಸಡಿಲಿಸಿ ಜಾರಿಸಬೇಕು. ನನಗೆ ಅತಿ ಕಷ್ಟವಾದದ್ದು ಇದೇ. ಗದರುವ ದನಿಯ ಗುಟ್ಟು ಸುಲಭ: ಊದುತ್ತಲೇ ಗಂಟಲಲ್ಲಿ ಗುನುಗಬೇಕು. ಪಕ್ಕದ ಮನೆ ಆಂಟಿ ಎರಡು ಸಲ ಬಾಗಿಲು ಬಡಿದಿದ್ದರು.

ಸೆಷನ್ ಕೆಲಸ, ಅಂದರೆ ಬೇರೆಯವರ ರೆಕಾರ್ಡಿಂಗ್‌ಗೆ ದುಡ್ಡಿಗೆ ಊದುವುದು, ಬೇರೆಯದೇ ಲೋಕ. ರಾತ್ರಿ ಹತ್ತಕ್ಕೆ ಫೋನ್ ಬರುತ್ತದೆ, "ನಾಳೆ ಬೆಳಗ್ಗೆ ಎಂಟು ಬಾರ್ ಇದೆ ಬ್ರದರ್." ಬಾರ್ ಅಂದರೆ ತಾಳದ ಒಂದು ಸುತ್ತು. ನೊಟೇಷನ್ ಇರುವುದು ಅಪರೂಪ. ಯಾರೋ ಹಾಡಿ ಕಳಿಸಿದ ವಾಯ್ಸ್ ಮೆಸೇಜ್ ಕೇಳಿ ಕನ್ನಡದಲ್ಲೇ ಸ್ವರ ಬರೆದುಕೊಳ್ಳುತ್ತೇನೆ. ಸ್ಟುಡಿಯೋ ಎಸಿಯಲ್ಲಿ ವಾದ್ಯ ತಣ್ಣಗಾದರೆ ಶ್ರುತಿ ಇಳಿಯುತ್ತದೆ, ಮೊದಲು ಹತ್ತು ನಿಮಿಷ ಊದಿ ಬೆಚ್ಚಗೆ ಮಾಡಬೇಕು. ಹೊಸ ಎಂಜಿನಿಯರ್‌ಗಳು ಮೈಕನ್ನು ಸ್ಯಾಕ್ಸ್‌ನ ಅಗಲ ಬಾಯಿಯೊಳಗೇ ತುರುಕುತ್ತಾರೆ. ಸ್ಯಾಕ್ಸ್‌ನ ದನಿ ಬರುವುದು ಬರೀ ಬಾಯಿಂದಲ್ಲ, ಎಲ್ಲಾ ತೂತುಗಳಿಂದಲೂ. ಒಂದಡಿ ದೂರದಲ್ಲಿ, ಕೀಗಳ ಕಡೆ ತಿರುಗಿಸಿ ಇಡಿ ಅಂತ ನಾನೇ ಕೇಳಿಕೊಳ್ಳುತ್ತೇನೆ.

ಒಂದು ಸಿನಿಮಾಕ್ಕೆ ಮೂರು ಗಂಟೆ ಊದಿದ್ದೆ. ಥಿಯೇಟರ್‌ನಲ್ಲಿ ಕೇಳಿದ್ದು ಕೀಬೋರ್ಡ್ ಸ್ಯಾಕ್ಸ್! ದುಡ್ಡು ಬಂದದ್ದು ಎಂಟು ತಿಂಗಳ ಮೇಲೆ, ಅದೂ ಅರ್ಧ. ಈಗ ಅಡ್ವಾನ್ಸ್ ಕೈಗೆ ಬಾರದೆ ಪೆಟ್ಟಿಗೆ ತೆರೆಯುವುದಿಲ್ಲ.

ಮದುವೆ ಸೀಸನ್‌ನಲ್ಲಿ ಈಗಲೂ ಅಪ್ಪನ ಪಕ್ಕ ಕೂರುತ್ತೇನೆ. ಹೋದ ತಿಂಗಳು ಬಸವನಗುಡಿಯ ಛತ್ರದಲ್ಲಿ ಶುದ್ಧ ಧನ್ಯಾಸಿ ನಡೆಯುತ್ತಿತ್ತು. ಅಭ್ಯಾಸಬಲ, ಗಂಟಲಲ್ಲಿ ಗುನುಗಿಬಿಟ್ಟೆ. ಡೋಲಿನವರು ಬೆಚ್ಚಿ ತಿರುಗಿದರು. ಅಪ್ಪ ನಾಗಸ್ವರ ಕೆಳಗಿಳಿಸಿ ಮೆಲ್ಲಗೆ ಅಂದರು, "ಗಟ್ಟಿಮೇಳ ಆಗ್ಲಿ ಇರೋ, ಆಮೇಲೆ ಗುರ್ ಅನ್ನು."