ಬಳ್ಳಾರಿಯ ಬಿಸಿಲಿಗೆ ಒಗ್ಗುವ, ಸದ್ದು ಮಾಡದ ಸಿನಿಮಾ ಕಂಪ್ಯೂಟರ್: ಬಿಡಿಭಾಗಗಳನ್ನು ಆರಿಸುವ ಬಗೆ

ಟಿವಿಯ ಪಕ್ಕದಲ್ಲಿ ಇಡುವ ಕಂಪ್ಯೂಟರಿನ ಮೊದಲ ಗುಣವೆಂದರೆ, ಅದು ಅಲ್ಲಿದೆ ಎಂಬುದೇ ಮನೆಯವರ ಗಮನಕ್ಕೆ ಬರಬಾರದು. ಚಿತ್ರದಲ್ಲಿ ಇಬ್ಬರು ಪಿಸುಗುಡುತ್ತಿರುವಾಗ ಟಿವಿಯ ಕೆಳಗಿನಿಂದ ‘ಗುಂಯ್’ ಎಂಬ ಸದ್ದು ಬರುತ್ತಿದ್ದರೆ, ಪರದೆ ಎಷ್ಟೇ ದುಬಾರಿಯದಾಗಿರಲಿ, ನೋಡುವ ಮನಸ್ಸು ಕೆಡುತ್ತದೆ. ಸದ್ದು ಬೇಡವಾದರೆ ಫ್ಯಾನೇ ಇಲ್ಲದ ಪೆಟ್ಟಿಗೆ ಕೊಳ್ಳಿ ಎಂಬ ಸಲಹೆ ಎಲ್ಲ ಕಡೆಯೂ ಸಿಗುತ್ತದೆ. ಬೆಂಗಳೂರಿನಲ್ಲಿಯೋ ಮಡಿಕೇರಿಯಲ್ಲಿಯೋ ಇರುವವರಿಗೆ ಅದು ಸರಿಯಿರಬಹುದು; ಬಳ್ಳಾರಿಯಲ್ಲಿ ಅದನ್ನು ಹಾಗೆಯೇ ಪಾಲಿಸಿ ನಾನು ಪೆಟ್ಟು ತಿಂದಿದ್ದೇನೆ. ನಮ್ಮ ಕಡೆ ಸದ್ದು ಕಡಿಮೆಯಾಗಬೇಕಾದರೆ ಮೊದಲು ಕಡಿಮೆ ಬಿಸಿಯಾಗುವ ಚಿಪ್ (ಕಂಪ್ಯೂಟರಿನ ಮಿದುಳಾದ ಸಿಪಿಯು) ಹುಡುಕಬೇಕು, ಆಮೇಲೆ ಅದಕ್ಕೊಂದು ದೊಡ್ಡ, ನಿಧಾನವಾಗಿ ತಿರುಗುವ ಫ್ಯಾನ್ ಕೊಡಬೇಕು.

ಫ್ಯಾನಿಲ್ಲದ ಕಂಪ್ಯೂಟರ್ ತನ್ನ ಬಿಸಿಯನ್ನು ಅಲ್ಯೂಮಿನಿಯಂ ಪಟ್ಟಿಗಳ ಮೂಲಕ ಸುತ್ತಲಿನ ಗಾಳಿಗೆ ಬಿಡುತ್ತದೆ. ಹಾಗಾಗಿ ಅದರ ಚಿಪ್ ಯಾವಾಗಲೂ ಕೋಣೆಗಿಂತ ಇಂತಿಷ್ಟು ಡಿಗ್ರಿ ಹೆಚ್ಚು ಬಿಸಿಯಾಗಿರುತ್ತದೆ. ಆ ಅಂತರ 45 ಡಿಗ್ರಿ ಎಂದು ಇಟ್ಟುಕೊಳ್ಳೋಣ. ಕೋಣೆ 25 ಡಿಗ್ರಿ ಇದ್ದರೆ ಚಿಪ್ 70ರಲ್ಲಿ ನೆಮ್ಮದಿಯಾಗಿರುತ್ತದೆ. ಹಗಲೆಲ್ಲ ಕಾದ ತಾರಸಿ ರಾತ್ರಿ ಹತ್ತರವರೆಗೂ ಬಿಸಿಯನ್ನು ಕೆಳಗಿಳಿಸುವ ಮೇ ತಿಂಗಳಿನಲ್ಲಿ ಕೋಣೆಯೇ 38 ಡಿಗ್ರಿ ಇದ್ದರೆ ಅದೇ ಚಿಪ್ 83ಕ್ಕೆ ಏರುತ್ತದೆ; ಗಾಜಿನ ಬಾಗಿಲು ಹಾಕಿದ ಶೋಕೇಸಿನೊಳಗಿನ ಗಾಳಿ ಇನ್ನೂ 10 ಡಿಗ್ರಿ ಹೆಚ್ಚಿದ್ದರೆ 93. ಇಂಟೆಲ್‌ನ ಬಹುಪಾಲು ಚಿಪ್‌ಗಳು 100 ಡಿಗ್ರಿಯ ಆಸುಪಾಸಿಗೆ ಬಂದಾಗ ತಮ್ಮ ವೇಗವನ್ನು ತಾವೇ ತಗ್ಗಿಸಿಕೊಳ್ಳುತ್ತವೆ, ಆಗ ಚಿತ್ರ ತಡವರಿಸುತ್ತದೆ. ನಮ್ಮೂರಿಗೆ ಬೇಸಿಗೆ ಮತ್ತು ಕಡುಬೇಸಿಗೆ ಎಂಬ ಎರಡೇ ಕಾಲವೆಂದು ನಾವೇ ಹೇಳಿಕೊಂಡು ನಗುತ್ತೇವೆ. ಪೆಟ್ಟಿಗೆ ಕೊಳ್ಳುವ ದಿನ ಮಾತ್ರ ಅದು ನೆನಪಾಗುವುದಿಲ್ಲ.

ನನ್ನ ಮೊದಲ ಪೆಟ್ಟಿಗೆ ಹೀಗೆಯೇ ಏಪ್ರಿಲ್ ತಿಂಗಳಿನಲ್ಲಿ ಚಿತ್ರದ ನಡುವೆ ಮೂರು ಸಲ ಆರಿಹೋಯಿತು. ಶೋಕೇಸಿನಿಂದ ಹೊರಗೆಳೆದು ಟಾರ್ಚ್ ಬಿಟ್ಟು ನೋಡಿದರೆ, ಅಲ್ಯೂಮಿನಿಯಂ ಪಟ್ಟಿಗಳ ಸಂದುಗಳಲ್ಲಿ ನೀಲಿ ನೂಲಿನ ನವಿರು ಹೊಟ್ಟು ಒತ್ತಾಗಿ ಕೂತಿತ್ತು. ನಮ್ಮ ಬೀದಿಯಲ್ಲಿ ಜೀನ್ಸ್ ಹೊಲಿಯುವ ಘಟಕಗಳಿವೆ. ಅದರ ಮೇಲೆ ಅದಿರಿನ ಕೆಂಪು ಧೂಳು ಪದರಗಟ್ಟಿತ್ತು. ಹಳೆಯ ಟೂತ್‌ಬ್ರಷ್ಷಿನ ಹಿಂಬದಿಯಿಂದ ಎಬ್ಬಿದಾಗ ಅದು ಕಂಬಳಿಯ ಚೂರಿನಂತೆ ಒಂದೇ ತುಂಡಾಗಿ ಎದ್ದು ಬಂತು. ರಾಯಚೂರಿನ ಹತ್ತಿ ಮಾರುಕಟ್ಟೆಯ ಸುತ್ತ ಇರುವವರಿಗೆ ಬಿಳಿಯ ಹೊಟ್ಟು, ಕೊಪ್ಪಳದ ಗಿಣಿಗೇರಾ ಕಡೆಯವರಿಗೆ ಕಾರ್ಖಾನೆಯ ಕಪ್ಪು ಪುಡಿ ಸಿಗಬಹುದು. ಬಣ್ಣ ಬೇರೆಯಾದರೂ ಅದು ಮಾಡುವ ಕೆಲಸ ಒಂದೇ.

ಆದ್ದರಿಂದ ಆಯ್ಕೆ ಚಿಪ್‌ನಿಂದ ಶುರುವಾಗಬೇಕು. ಸಿನಿಮಾ ನೋಡುವ ಕಂಪ್ಯೂಟರ್‌ಗೆ ವೇಗದ ಚಿಪ್ ಬೇಕಿಲ್ಲ, ವಿಡಿಯೊವನ್ನು ಬಿಡಿಸುವ ಪ್ರತ್ಯೇಕ ಯಂತ್ರಾಂಶ ಅದರೊಳಗೆ ಇರಬೇಕು. ಆ ಭಾಗ ಇದ್ದರೆ 4ಕೆ ಚಿತ್ರವೂ ಕೆಲವೇ ವ್ಯಾಟ್‌ಗಳಲ್ಲಿ ಓಡುತ್ತದೆ. ಇಲ್ಲದಿದ್ದರೆ ಅದೇ ಕೆಲಸವನ್ನು ಚಿಪ್‌ನ ಎಲ್ಲ ಕೋರ್‌ಗಳೂ (ಲೆಕ್ಕ ಮಾಡುವ ಘಟಕಗಳೂ) ಸೇರಿ ಏದುಸಿರು ಬಿಡುತ್ತ ಮಾಡಬೇಕಾಗುತ್ತದೆ, ಫ್ಯಾನ್ ಕೂಗತೊಡಗುತ್ತದೆ. ಇಂದು ನಿಮಗೆ ಎದುರಾಗುವ ವಿಡಿಯೊ ಬಗೆಗಳು ಮುಖ್ಯವಾಗಿ ನಾಲ್ಕು: ಹಳೆಯ ಎಚ್.264, 4ಕೆ ಚಿತ್ರಗಳಲ್ಲಿ ಬಳಸುವ 10-ಬಿಟ್ ಎಚ್‌ಇವಿಸಿ, ಯೂಟ್ಯೂಬ್‌ನ ವಿಪಿ9 ಮತ್ತು ಹೊಸದಾಗಿ ಹರಡುತ್ತಿರುವ ಎವಿ1. ಇಂಟೆಲ್‌ನ 7ನೇ ಪೀಳಿಗೆಯಿಂದ ಮೊದಲ ಮೂರೂ ಪೂರ್ಣವಾಗಿ ಸಿಗುತ್ತವೆ. 6ನೇ ಪೀಳಿಗೆಯಲ್ಲಿ 10-ಬಿಟ್ ಎಚ್‌ಇವಿಸಿಗೆ ಅರೆಬರೆ ಬೆಂಬಲವಷ್ಟೇ ಇದೆ. ಎವಿ1 ಬೇಕಾದರೆ 11ನೇ ಪೀಳಿಗೆ ಅಥವಾ ಅದರ ನಂತರದ್ದು ಆಗಬೇಕು. ಹೆಸರಿನ ಕೊನೆಯಲ್ಲಿ ‘ಎಫ್’ ಇರುವ ಇಂಟೆಲ್ ಚಿಪ್‌ಗಳಲ್ಲಿ ಗ್ರಾಫಿಕ್ಸ್ ಭಾಗವೇ ಇರುವುದಿಲ್ಲವಾದ್ದರಿಂದ, ಅಂಗಡಿಯವರು ಸಾವಿರ ರೂಪಾಯಿ ಬಿಟ್ಟುಕೊಟ್ಟರೂ ಅವನ್ನು ಮುಟ್ಟಬಾರದು.

ಅಗ್ಗವಾಗಿ ಮಾಡಬೇಕೆನ್ನುವವರಿಗೆ ನನ್ನ ಮೊದಲ ಶಿಫಾರಸು ಕಚೇರಿಗಳಿಂದ ಬಿಡುಗಡೆಯಾಗಿ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಗೆ ಬರುವ ಪುಟ್ಟ ಕಂಪ್ಯೂಟರ್‌ಗಳು: ಡೆಲ್‌ನ ಆಪ್ಟಿಪ್ಲೆಕ್ಸ್ ಮೈಕ್ರೋ, ಲೆನೊವೊದ ಥಿಂಕ್‌ಸೆಂಟರ್ ಟೈನಿ, ಎಚ್‌ಪಿಯ ಎಲೀಟ್‌ಡೆಸ್ಕ್ ಮಿನಿ. ಇವುಗಳಲ್ಲಿ ಐ5-8500ಟಿ ಇರುವುದನ್ನು ಹುಡುಕಿ. ಅದು 2018ರ ಆರು ಕೋರ್‌ಗಳ ಚಿಪ್, 35 ವ್ಯಾಟ್‌ನ ಮಿತಿಯದು. 8ನೇ ಪೀಳಿಗೆಯೇ ಏಕೆಂದರೆ, ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ ಮತ್ತು ವಿಂಡೋಸ್ 11 ಅಧಿಕೃತವಾಗಿ ಇಂಟೆಲ್‌ನ 8ನೇ ಪೀಳಿಗೆಯಿಂದ ಮೇಲಿನವನ್ನು ಒಪ್ಪುತ್ತದೆ. ಹೊಸದೇ ಬೇಕೆಂದರೆ 2023ರಲ್ಲಿ ಬಂದ ಇಂಟೆಲ್ ಎನ್100 ಚಿಪ್‌ನ ಮಿನಿ ಪಿಸಿ ಸಾಕು. ಅದಕ್ಕೆ ನಾಲ್ಕು ಕೋರ್, 6 ವ್ಯಾಟ್‌ನ ಮಿತಿ, ಜೊತೆಗೆ ಎವಿ1 ಬೆಂಬಲವೂ ಇದೆ. ಅಸೆಂಬಲ್ ಮಾಡಿಸುವ ಹಟವಿದ್ದವರು ಐ3-12100 ಹಾಕಿಸಿಕೊಳ್ಳಲಿ, ಆದರೆ ಕ್ಯಾಬಿನೆಟ್, ಮದರ್‌ಬೋರ್ಡ್, ಪವರ್ ಸಪ್ಲೈ ಎಲ್ಲವನ್ನೂ ಸೇರಿಸಿದಾಗ ಅಗ್ಗವೆಂಬ ಮಾತು ಉಳಿಯುವುದಿಲ್ಲ.

ಹಳೆಯ ಕಂಪ್ಯೂಟರ್ ಕೊಳ್ಳಲು ಹೋಗುವಾಗ 10-ಬಿಟ್ ಎಚ್‌ಇವಿಸಿಯ 4ಕೆ ತುಣುಕೊಂದನ್ನು ಪೆನ್‌ಡ್ರೈವ್‌ನಲ್ಲಿ ಹಾಕಿಕೊಂಡು ಹೋಗಿ. ವಿಎಲ್‌ಸಿಯಲ್ಲಿ ಅದನ್ನು ಓಡಿಸಿ, ಟಾಸ್ಕ್ ಮ್ಯಾನೇಜರ್ ತೆರೆದು, ಪರ್ಫಾರ್ಮೆನ್ಸ್ ಪುಟದ ಜಿಪಿಯು (ಗ್ರಾಫಿಕ್ಸ್) ಭಾಗದಲ್ಲಿ ‘ವಿಡಿಯೊ ಡಿಕೋಡ್’ ಎಂಬ ಗೆರೆ ಮೇಲೇಳುತ್ತದೆಯೇ ನೋಡಿ. ಆ ಗೆರೆ ಎದ್ದು ಸಿಪಿಯು ಬಳಕೆ ತಳದಲ್ಲಿಯೇ ಇದ್ದರೆ ಯಂತ್ರಾಂಶ ಕೆಲಸ ಮಾಡುತ್ತಿದೆ ಎಂದರ್ಥ. ಗೆರೆ ಸತ್ತಂತೆ ಮಲಗಿ ಸಿಪಿಯು 80 ಪ್ರತಿಶತಕ್ಕೆ ಏರಿದರೆ, ಗ್ರಾಫಿಕ್ಸ್ ಡ್ರೈವರ್ ಹಾಕಿಲ್ಲ ಅಥವಾ ಚಿಪ್ ಅವರು ಹೇಳಿದ್ದಲ್ಲ. ನಾನೊಮ್ಮೆ ‘8ನೇ ಪೀಳಿಗೆ’ ಎಂದು ಚೀಟಿ ಅಂಟಿಸಿದ್ದ ಪೆಟ್ಟಿಗೆಯನ್ನು ಹೀಗೆ ನೋಡಿದಾಗ ಒಳಗಿದ್ದದ್ದು 6ನೆಯದು. ಅಂಗಡಿಯವರು ಚೀಟಿ ತಪ್ಪಿದೆ ಎಂದು ನಕ್ಕು, ಅದನ್ನು ಕಿತ್ತು, ಪಕ್ಕದ ಪೆಟ್ಟಿಗೆಗೆ ಅಂಟಿಸಿದರು. ಹತ್ತು ನಿಮಿಷ ಓಡಿಸಿ, ಕಿವಿಯನ್ನು ಹತ್ತಿರ ಇಟ್ಟು ಫ್ಯಾನಿನ ಸದ್ದನ್ನೂ ಕೇಳಿ. ಒಂದೇ ಸಮನಾದ ಗಾಳಿಯ ಸದ್ದಿದ್ದರೆ ಚಿಂತೆಯಿಲ್ಲ. ಕಟಕಟ ಅಥವಾ ಕಿರುಗುಟ್ಟುವಿಕೆ ಕೇಳಿಸಿದರೆ ಬೇರಿಂಗ್ ಸವೆದಿದೆ. ಮನೆಗೆ ತಂದ ಮೇಲೆ ಚಿಪ್‌ನ ಬಿಸಿಯನ್ನು ಮೇಲಿನ ಲೋಹಕ್ಕೆ ದಾಟಿಸುವ, ಒಣಗಿದ ಥರ್ಮಲ್ ಪೇಸ್ಟ್ ಒರೆಸಿ ಹೊಸದು ಹಚ್ಚಿಸುವುದು ಕಡ್ಡಾಯವೆಂದೇ ತಿಳಿಯಿರಿ.

ಇಲ್ಲೊಂದು ತೊಡಕಿದೆ. ಈ ಪುಟ್ಟ ಪೆಟ್ಟಿಗೆಗಳ ಒಳಗಿನ ಫ್ಯಾನೂ ಪುಟ್ಟದೇ, ಪುಟ್ಟ ಫ್ಯಾನ್ ಹೆಚ್ಚು ವೇಗದಲ್ಲಿ ತಿರುಗಿ ಕೀರಲು ಧ್ವನಿಯಲ್ಲಿ ಕೊರೆಯುತ್ತದೆ. ಫ್ಯಾನಿನ ವೇಗವನ್ನು ಅರ್ಧಕ್ಕಿಳಿಸಿದರೆ ಅದು ತಳ್ಳುವ ಗಾಳಿಯೂ ಅರ್ಧಕ್ಕಿಳಿಯುತ್ತದೆ, ಆದರೆ ಸದ್ದು ಸುಮಾರು 15 ಡೆಸಿಬೆಲ್‌ನಷ್ಟು ಬೀಳುತ್ತದೆ. ಈ ಲೆಕ್ಕವೇ ನಮಗೆ ಸಿಗುವ ದೊಡ್ಡ ರಿಯಾಯಿತಿ. ಮೊದಲು ಬಯಾಸ್‌ಗೆ (ಕಂಪ್ಯೂಟರ್ ಶುರುವಾಗುವಾಗ ತೆರೆಯುವ ಮೂಲ ಸೆಟ್ಟಿಂಗ್‌ಗೆ) ಹೋಗಿ, ಚಿಪ್‌ನ ವೇಗವನ್ನು ತಾನೇ ಏರಿಸುವ ಟರ್ಬೊವನ್ನು ನಿಲ್ಲಿಸಿ; ವಿಡಿಯೊ ಬಿಡಿಸುವ ಕೆಲಸ ಗ್ರಾಫಿಕ್ಸ್ ಭಾಗದ್ದಾದ್ದರಿಂದ ಚಿತ್ರಕ್ಕೆ ಏನೂ ಕೊರತೆಯಾಗುವುದಿಲ್ಲ, ಬಿಸಿ ಮಾತ್ರ ಇಳಿಯುತ್ತದೆ. ಆಮೇಲೆ ಯುಎಸ್‌ಬಿಯ 5 ವೋಲ್ಟ್‌ನಲ್ಲಿ ತಿರುಗುವ 120 ಮಿಲಿಮೀಟರ್ ಫ್ಯಾನೊಂದನ್ನು ತಂದು, ನಾಲ್ಕು ರಬ್ಬರ್ ಗುಂಡಿಗಳ ಮೇಲೆ ಮಲಗಿಸಿ, ಅದರ ಮೇಲೆ ಕಂಪ್ಯೂಟರನ್ನು ಇಡಿ. ಗಾಳಿ ಕೆಳಗಿನಿಂದ ಮೇಲಕ್ಕೆ ಹೋಗಬೇಕು. ಫ್ಯಾನ್ ಓಡಿಸಿ ಕಾಗದದ ಚೂರು ಹಿಡಿದು ನೋಡಿದರೆ ದಿಕ್ಕು ತಿಳಿಯುತ್ತದೆ. ನಿಮಿಷಕ್ಕೆ 600ರಿಂದ 800 ಸುತ್ತು ತಿರುಗುವ ಇಂಥ ಫ್ಯಾನಿನ ಸದ್ದು ಎರಡು ಮೀಟರ್ ಆಚೆ ಕೂತವರಿಗೆ ಕೇಳಿಸುವುದಿಲ್ಲ, ಅದರ ಗಾಳಿಯಿಂದಾಗಿ ಒಳಗಿನ ಪುಟ್ಟ ಫ್ಯಾನೂ ತನ್ನ ಕನಿಷ್ಠ ವೇಗದಲ್ಲಿಯೇ ಉಳಿಯುತ್ತದೆ. ನಮ್ಮಲ್ಲಿ ಒಂಬತ್ತು ತಿಂಗಳು ತಲೆಯ ಮೇಲೆ ಸೀಲಿಂಗ್ ಫ್ಯಾನ್ ತಿರುಗುತ್ತಲೇ ಇರುವಾಗ ಇಷ್ಟೆಲ್ಲ ಏಕೆ ಎಂದು ಕೇಳುವವರಿಗೆ ಒಂದೇ ಮಾತು: ಸೀಲಿಂಗ್ ಫ್ಯಾನಿನ ಸದ್ದು ಗಾಳಿಯದು, ಕಿವಿ ಅದನ್ನು ಮರೆಯುತ್ತದೆ, ಪುಟ್ಟ ಫ್ಯಾನಿನ ಸದ್ದು ಸೊಳ್ಳೆಯದು.

ಸದ್ದಿನ ಎರಡನೆಯ ಮೂಲ ಹಾರ್ಡ್ ಡಿಸ್ಕ್. ವಿಂಡೋಸ್ ಅಥವಾ ಲಿಬ್ರ್‌ಎಲೆಕ್ (ಸಿನಿಮಾ ನೋಡಲೆಂದೇ ಮಾಡಿದ ಕಾರ್ಯಾಚರಣೆ ವ್ಯವಸ್ಥೆ) ಹಾಕಲು 256 ಜಿಬಿಯ ಎಸ್‌ಎಸ್‌ಡಿ ಸಾಕು, ತಿರುಗುವ ಭಾಗವಿಲ್ಲದ್ದರಿಂದ ಅದು ನಿಶ್ಶಬ್ದ. ಸಿನಿಮಾ ಸಂಗ್ರಹ ದೊಡ್ಡದಿದ್ದರೆ ಹಾರ್ಡ್ ಡಿಸ್ಕ್ ಅನಿವಾರ್ಯ, ಆದರೆ ಅದನ್ನು ಟಿವಿಯ ಕೆಳಗೆ ಇಡಲೇಬೇಕೆಂಬ ನಿಯಮವಿಲ್ಲ. ಮರದ ಶೋಕೇಸಿನ ಮೇಲೆ ನೇರವಾಗಿ ಕೂರಿಸಿದ ಡಿಸ್ಕ್ ಇಡೀ ಹಲಗೆಯನ್ನೇ ಡೋಲಿನಂತೆ ನುಡಿಸುತ್ತದೆ. ಅದನ್ನು ಒಳಕೋಣೆಯ ಹಳೆಯ ಕಂಪ್ಯೂಟರ್‌ಗೆ ಜೋಡಿಸಿ, ಅಲ್ಲಿಂದ ಕ್ಯಾಟ್ 5ಇ ಕೇಬಲ್ ಎಳೆಸಿದರೆ ಗಿಗಾಬಿಟ್ ವೇಗ 100 ಮೀಟರ್‌ವರೆಗೆ ಸಿಗುತ್ತದೆ. 4ಕೆ ಬ್ಲೂ-ರೇ ಚಿತ್ರವೊಂದರ ಗರಿಷ್ಠ ಹರಿವು ಸೆಕೆಂಡಿಗೆ 100 ಮೆಗಾಬಿಟ್ ದಾಟಬಹುದಾದ್ದರಿಂದ, ಅಗ್ಗದ ರೂಟರ್‌ಗಳಲ್ಲಿನ 100 ಮೆಗಾಬಿಟ್ ಪೋರ್ಟ್ ಸಾಲದು; ಕೊಳ್ಳುವಾಗ ‘ಗಿಗಾಬಿಟ್’ ಎಂಬ ಪದವನ್ನು ಪೆಟ್ಟಿಗೆಯ ಮೇಲೆ ಓದಿಕೊಳ್ಳಿ. ಡಿಸ್ಕ್ ಇಡುವ ಕೋಣೆಯೂ ತೀರ ಬಿಸಿಯಾಗಬಾರದು, ಏಕೆಂದರೆ ಡಿಸ್ಕ್‌ಗಳ ಸಾಮಾನ್ಯ ಮಿತಿ 60 ಡಿಗ್ರಿ. ಮಾಳಿಗೆಯ ಮೇಲಿನ ತಗಡಿನ ಕೋಣೆ ಖಂಡಿತ ಬೇಡ.

ರ‍್ಯಾಮ್ 8 ಜಿಬಿ ಸಾಕು. ಐ5-8500ಟಿ ಇರುವ ಪೆಟ್ಟಿಗೆಯಲ್ಲಿ 4 ಜಿಬಿಯ ಎರಡು ಕಡ್ಡಿ ಹಾಕಿದರೆ ಗ್ರಾಫಿಕ್ಸ್‌ಗೆ ಒಳ್ಳೆಯದು; ಎನ್100ಕ್ಕೆ ರ‍್ಯಾಮ್ ತಲುಪುವ ಚಾನೆಲ್ (ದಾರಿ) ಒಂದೇ ಇರುವುದರಿಂದ ಒಂದು ಕಡ್ಡಿಯೇ ಸರಿ.

ಕರೆಂಟಿನ ವಿಷಯದಲ್ಲಿ ಮಿನಿ ಪಿಸಿಗೆ ಇನ್ನೊಂದು ಲಾಭವಿದೆ: ಲ್ಯಾಪ್‌ಟಾಪ್‌ನಂತಹ ಹೊರಗಿನ ಅಡಾಪ್ಟರ್ ಇರುವುದರಿಂದ ಪವರ್ ಸಪ್ಲೈನ ಫ್ಯಾನ್ ಎಂಬುದೇ ಇಲ್ಲ. 10 ವ್ಯಾಟ್ ಎಳೆಯುವ ಪೆಟ್ಟಿಗೆ ಹಗಲಿರುಳು ಓಡಿದರೂ ತಿಂಗಳಿಗೆ 7.2 ಯೂನಿಟ್, 60 ವ್ಯಾಟ್ ಎಳೆಯುವ ಹಳೆಯ ಡೆಸ್ಕ್‌ಟಾಪ್ ಹಾಗೆಯೇ ಓಡಿದರೆ 43 ಯೂನಿಟ್. ಗೃಹಜ್ಯೋತಿಯ ಉಚಿತ ಯೂನಿಟ್‌ಗಳ ಲೆಕ್ಕ ಹಿಂದಿನ ಸರಾಸರಿ ಬಳಕೆಯ ಮೇಲೆ ನಿಂತಿರುವುದರಿಂದ ಈ ವ್ಯತ್ಯಾಸ ಸಣ್ಣದಲ್ಲ. ಮನೆಯ ಇನ್ವರ್ಟರ್‌ನಲ್ಲಿ ‘ಯುಪಿಎಸ್’ ಎಂಬ ಸ್ವಿಚ್ ಇದ್ದರೆ ಅದನ್ನು ಆ ಕಡೆಗೆ ಹಾಕಿ. ಕರೆಂಟ್ ಹೋದಾಗ ಬ್ಯಾಟರಿಗೆ ಬದಲಾಗುವ ಹೊತ್ತು ಕಡಿಮೆಯಾಗಿ ಕಂಪ್ಯೂಟರ್ ಆರುವುದು ತಪ್ಪುತ್ತದೆ. ಹಳೆಯ ಸ್ಕ್ವೇರ್ ವೇವ್ ಇನ್ವರ್ಟರ್ ಇರುವವರು ದೊಡ್ಡ ಡೆಸ್ಕ್‌ಟಾಪ್ ಪವರ್ ಸಪ್ಲೈ ಹಾಕಿಸುವ ಮುನ್ನ ಯೋಚಿಸಬೇಕು, ಏಕೆಂದರೆ ಆಕ್ಟಿವ್ ಪಿಎಫ್‌ಸಿ (ಕರೆಂಟನ್ನು ಸಮನಾಗಿ ಎಳೆಯುವಂತೆ ಮಾಡುವ ಸರ್ಕೀಟು) ಇರುವ ಸಪ್ಲೈಗಳು ಅಂತಹ ಕರೆಂಟಿನಲ್ಲಿ ಝೇಂಕರಿಸುವುದೂ, ಕೆಲವೊಮ್ಮೆ ಆರಿಹೋಗುವುದೂ ಉಂಟು.

ಟಿವಿಗೆ ಜೋಡಿಸುವಾಗ ಎಚ್‌ಡಿಎಂಐ 1.4 ಪೋರ್ಟಿನಲ್ಲಿ 4ಕೆ ಚಿತ್ರ 30 ಹರ್ಟ್ಸ್‌ಗೆ (ಸೆಕೆಂಡಿಗೆ 30 ಚೌಕಟ್ಟಿಗೆ) ನಿಲ್ಲುತ್ತದೆ, 60 ಹರ್ಟ್ಸ್ ಬೇಕಾದರೆ 2.0 ಇರಬೇಕು ಎಂಬುದು ನೆನಪಿರಲಿ. ಕಚೇರಿಯ ಪುಟ್ಟ ಕಂಪ್ಯೂಟರ್‌ಗಳಲ್ಲಿ ಡಿಸ್‌ಪ್ಲೇಪೋರ್ಟ್ 1.2 ಇರುವುದೇ ಹೆಚ್ಚು. ಅದರಿಂದ 4ಕೆ 60 ಹರ್ಟ್ಸ್ ಬರುತ್ತದೆ, ಆದರೆ ‘ಆಕ್ಟಿವ್’ ಎಂದು ಬರೆದಿರುವ ಎಚ್‌ಡಿಎಂಐ 2.0 ಪರಿವರ್ತಕವನ್ನೇ ಕೊಳ್ಳಬೇಕು. ಸಿನಿಮಾ ಓಡಿಸುವ ಕೋಡಿ ತಂತ್ರಾಂಶ ಹಾಕಿದ ಮೇಲೆ ಅದರ ಸೆಟ್ಟಿಂಗ್‌ನಲ್ಲಿ ಪರದೆಯ ರಿಫ್ರೆಶ್ ದರ ಚಿತ್ರಕ್ಕೆ ತಕ್ಕಂತೆ ಬದಲಾಗುವಂತೆ ಮಾಡಿ. ಸಿನಿಮಾ ಸೆಕೆಂಡಿಗೆ 24 ಚೌಕಟ್ಟುಗಳದ್ದು, 60 ಹರ್ಟ್ಸ್‌ನ ಪರದೆಯಲ್ಲಿ ಅದು ಸಮನಾಗಿ ಕೂರದೆ ಕ್ಯಾಮೆರಾ ಪಕ್ಕಕ್ಕೆ ಸರಿಯುವಾಗ ಸಣ್ಣಗೆ ಎಗರುತ್ತದೆ. ಓಟಿಟಿಗಳನ್ನು ಮಾತ್ರ ಟಿವಿಯ ಸ್ವಂತ ಆ್ಯಪ್‌ಗಳಲ್ಲಿಯೇ ನೋಡಿ, ಅವು ತಮ್ಮ 4ಕೆಯನ್ನು ಕಂಪ್ಯೂಟರಿನ ಬ್ರೌಸರ್‌ಗೆ ಸುಲಭವಾಗಿ ಬಿಟ್ಟುಕೊಡುವುದಿಲ್ಲ. ವೈರ್‌ಲೆಸ್ ಕೀಬೋರ್ಡ್‌ನ ಡಾಂಗಲ್‌ನ್ನು ನೀಲಿ ಬಣ್ಣದ ಯುಎಸ್‌ಬಿ 3.0 ಪೋರ್ಟಿಗೆ ಹಾಕಬೇಡಿ. ಆ ಪೋರ್ಟ್ ಹೊಮ್ಮಿಸುವ ಗದ್ದಲ 2.4 ಗಿಗಾಹರ್ಟ್ಸ್ ಸಂಕೇತವನ್ನು ಕೆಡಿಸುತ್ತದೆ, ಗುಂಡಿ ಒತ್ತಿದರೂ ಕೆಲಸವಾಗುವುದಿಲ್ಲ.

ಕೊನೆಯದಾಗಿ ಜಾಗ. ಶೋಕೇಸಿನೊಳಗೆ ಇಡಲೇಬೇಕಾದರೆ ಬಡಗಿಯಿಂದ ಹಿಂಬದಿಯ ಹಲಗೆಯಲ್ಲಿ, ಮೇಲ್ಭಾಗಕ್ಕೆ, ಅಂಗೈಯಗಲದ ಎರಡು ರಂಧ್ರ ಕೊರೆಸಿ, ಮುಂದಿನ ಗಾಜನ್ನು ತೆಗೆಸಿಬಿಡಿ. ಫ್ಯಾನ್ ಗಾಳಿ ಎಳೆಯುವ ಬದಿಗೆ ಕಿಟಕಿಗೆ ಹಾಕುವ ಸೊಳ್ಳೆ ಪರದೆಯ ತುಂಡೊಂದನ್ನು ಅಂಟಿಸಿದರೆ ನೂಲಿನ ಹೊಟ್ಟು ಅಲ್ಲಿಯೇ ನಿಲ್ಲುತ್ತದೆ. ಅದಿರಿನ ನಯವಾದ ಧೂಳು ನುಸುಳುತ್ತದೆ, ಅದಕ್ಕೆ ಬ್ರಷ್ಷೇ ಗತಿ. ಎರಡು ತಿಂಗಳಿಗೊಮ್ಮೆ ಪೆಟ್ಟಿಗೆಯನ್ನು ಅಂಗಳಕ್ಕೆ ಒಯ್ದು ಶುಚಿ ಮಾಡಿ. ಬ್ಲೋವರ್‌ನಿಂದ ಗಾಳಿ ಊದುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಒತ್ತಿ ಹಿಡಿದಿರಿ, ಬಿಟ್ಟರೆ ಅದು ಮಿತಿಮೀರಿ ತಿರುಗಿ ಬೇರಿಂಗ್ ಹಾಳಾಗುತ್ತದೆ.