ಶಾಲೆಯಲ್ಲಿ ಹೊಸದೇನಾದರೂ ಮಾಡಬೇಕಾ? ಡ್ಯಾಮಿನ ನೀರಿನಿಂದ ಶುರು ಮಾಡಿ

ಸ್ಮಾರ್ಟ್ ಟಿವಿ, ಟ್ಯಾಬ್, ಕಂಪ್ಯೂಟರ್ ಲ್ಯಾಬ್ ಬಂದರೆ ಒಳ್ಳೆಯದೇ. ಆದರೆ ಅವು ಬರೋ ತನಕ ಸುಮ್ನೆ ಕೂರಬೇಡಿ. ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆಯ ಯಾವ ಸರ್ಕಾರಿ ಶಾಲೆಯಲ್ಲಾದರೂ ಈ ವಾರವೇ ಶುರು ಮಾಡಬಹುದಾದ ಕೆಲಸ ಇದು.

ಒಂದೇ ತರಗತಿ, ಒಂದೇ ವಿಷಯ ಹಿಡಿಯಿರಿ. ಏಳನೇ ತರಗತಿಯ ಗಣಿತ ಅಂದುಕೊಳ್ಳಿ. ಮೊದಲು ಐದು ಸಣ್ಣ ಲೆಕ್ಕ ಕೊಟ್ಟು, ಯಾವ ಮಗು ಎಲ್ಲಿ ತಡವರಿಸುತ್ತದೆ ಅಂತ ನಿಮ್ಮ ಡೈರಿಯಲ್ಲಿ ಬರೆದಿಟ್ಟುಕೊಳ್ಳಿ. ಅಂಕ ಬೇಡ. ಎಲ್ಲರ ಮುಂದೆ ಹೆಸರು ಓದುವುದಂತೂ ಬೇಡವೇ ಬೇಡ.

ಈಗ ತುಂಗಭದ್ರೆಗೆ ಬನ್ನಿ. ಮಳೆಗಾಲದಲ್ಲಿ ಡ್ಯಾಮಿನ ಮಟ್ಟ, ಒಳಹರಿವು, ಹೊರಹರಿವು ಎಲ್ಲ ಪೇಪರಿನಲ್ಲಿ ಬರುತ್ತದೆ ಅಲ್ವಾ, ಅದನ್ನು ದಿನಕ್ಕೊಬ್ಬರು ಬೋರ್ಡಿನ ಮೂಲೆಯಲ್ಲಿ ಬರೆಯಲಿ. ಪೂರ್ಣ ಮಟ್ಟ 1,633 ಅಡಿ ಅಂತ ಮೇಲೊಂದು ಗೆರೆ ಎಳೆಸಿ. ಹದಿನೈದು ದಿನದ ಅಂಕಿ ಸೇರಿದ ಮೇಲೆ ಗ್ರಾಫ್ ಹಾಕಿಸಿ. ಆಮೇಲೆ ಒಂದು ಪ್ರಶ್ನೆ ಕೊಡಿ: ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ, ಒಂದು ಕ್ಯೂಸೆಕ್ ಅಂದರೆ ಸೆಕೆಂಡಿಗೆ ಒಂದು ಘನ ಅಡಿ, ಹಾಗಾದರೆ ಒಂದೇ ದಿನದಲ್ಲಿ ಒಂದು ಟಿಎಂಸಿ ನೀರು ಬರಬೇಕಾದರೆ ಒಳಹರಿವು ಎಷ್ಟಿರಬೇಕು? ದಿನಕ್ಕೆ 86,400 ಸೆಕೆಂಡು, ಭಾಗಿಸಿದರೆ ಸುಮಾರು 11,574 ಕ್ಯೂಸೆಕ್. ಇದನ್ನು ನೀವು ಹೇಳಿಬಿಡಬೇಡಿ. ನಾಲ್ಕೈದು ಮಕ್ಕಳು ಒಟ್ಟಿಗೆ ಕೂತು ಜಗಳ ಮಾಡಲಿ, ಸೊನ್ನೆ ತಪ್ಪಲಿ, ಮತ್ತೆ ಎಣಿಸಲಿ. 2024ರ ಆಗಸ್ಟ್‌ನಲ್ಲಿ ಡ್ಯಾಮಿನ 19ನೇ ಕ್ರಸ್ಟ್ ಗೇಟ್, ಅಂದರೆ ನೀರು ಬಿಡೋ ಬಾಗಿಲು, ಕೊಚ್ಚಿಹೋದಾಗ ಮನೆಯಲ್ಲಿ ದೊಡ್ಡವರು ಏನು ಮಾತಾಡಿದ್ದರು ಅಂತ ಕೇಳಿಕೊಂಡು ಬರಲು ಹೇಳಿ. ಗಂಗಾವತಿ, ಸಿಂಧನೂರು ಕಡೆಯ ಭತ್ತದ ಮನೆಯ ಮಕ್ಕಳಿಗೆ ಈ ಲೆಕ್ಕ ಯಾಕೆ ಬೇಕು ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಸಮಾಜ ವಿಜ್ಞಾನಕ್ಕೂ ಇದೇ ದಾರಿ. ಅಶೋಕನ ಹೆಸರೇ ಇರುವ ಶಾಸನ ಮಸ್ಕಿಯಲ್ಲಿದೆ, 1915ರಲ್ಲಿ ಸಿಕ್ಕಿದ್ದು. ಕೊಪ್ಪಳದ ಗವಿಮಠದಲ್ಲೂ ಅವನ ಶಾಸನವಿದೆ. ಹತ್ತಿರದವರು ಮಕ್ಕಳನ್ನು ಕರೆದುಕೊಂಡು ಹೋಗಿ ಬನ್ನಿ.

ನಮ್ಮ ಕಡೆ ನಿಜವಾದ ತೊಂದರೆ ಬೇರೆ. ಹತ್ತಿ, ಮೆಣಸಿನಕಾಯಿ ಬಿಡಿಸೋ ಕಾಲಕ್ಕೆ ಬೆಂಚು ಖಾಲಿ, ಕೆಲವು ಮನೆಯವರು ಗುಳೆ ಹೋಗಿರುತ್ತಾರೆ, ಮಗು ವಾಪಸ್ ಬಂದಾಗ ಪಾಠ ಎಲ್ಲೋ ಮುಂದೆ ಹೋಗಿರುತ್ತದೆ, ಅದು ಹಿಂದಿನ ಸಾಲಿನಲ್ಲಿ ಬಾಯಿ ಮುಚ್ಚಿಕೊಂಡು ಕೂರುತ್ತದೆ. ಇದಕ್ಕೆ ಸಣ್ಣ ತರಗತಿಗಳ ನಲಿ-ಕಲಿಯಿಂದ ಒಂದು ಉಪಾಯ ತೆಗೆದುಕೊಳ್ಳಿ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ಈ ಪದ್ಧತಿಯಲ್ಲಿ ಕಲಿಕಾ ಏಣಿ ಇರುತ್ತದೆ, ಮಗು ಬಿಟ್ಟ ಮೆಟ್ಟಿಲಿಂದಲೇ ಮುಂದೆ ಹತ್ತುತ್ತದೆ. ದೊಡ್ಡ ತರಗತಿಗೂ ಪ್ರತಿ ಪಾಠಕ್ಕೆ ಮೂರು ನಾಲ್ಕು ಕಾರ್ಡು ಮಾಡಿ, ಹಳೆ ರಟ್ಟು ಸಾಕು. ವಾಪಸ್ ಬಂದ ಮಗುವಿಗೆ ಕಾರ್ಡು ಕೊಟ್ಟು, ಜೊತೆಗೆ ಒಬ್ಬ ಗೆಳೆಯನನ್ನು ಕೂರಿಸಿ. ಮನೆಯಲ್ಲಿ ಲಂಬಾಣಿ, ತೆಲುಗು, ಉರ್ದು ಮಾತಾಡೋ ಮಕ್ಕಳಿಗೆ ಅದೇ ಭಾಷೆಯ ಗೆಳೆಯ ಸಿಕ್ಕರೆ ಇನ್ನೂ ಒಳ್ಳೆಯದು.

ಮೊಬೈಲ್ ಬಳಸೋದಾದರೆ ಪುಸ್ತಕದ ಕ್ಯೂಆರ್ ಕೋಡ್‌ನಿಂದ ದೀಕ್ಷಾ ಅನ್ನೋ ಸರ್ಕಾರಿ ಕಲಿಕಾ ಆ್ಯಪ್‌ನ ವಿಡಿಯೋವನ್ನು ಹಿಂದಿನ ದಿನವೇ ಇಳಿಸಿಕೊಳ್ಳಿ. ಕರೆಂಟು, ನೆಟ್‌ವರ್ಕ್ ನಂಬಬೇಡಿ. ಮಧ್ಯೆ ನಿಲ್ಲಿಸಿ, ಮುಂದೇನಾಗಬಹುದು ಅಂತ ಕೇಳಿ.

ಪೋಷಕರಿರುವ ಶಾಲಾ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ ಭಾಷಣ ಬೇಡ. ಒಂದು ಮಗು ಡ್ಯಾಮಿನ ಗ್ರಾಫ್ ಹಿಡಿದು ವಿವರಿಸಲಿ, ಅಪ್ಪ ಅಮ್ಮ ಪ್ರಶ್ನೆ ಕೇಳಲಿ.

ಒಂದು ತಿಂಗಳಾದ ಮೇಲೆ ಅದೇ ಬಗೆಯ ಐದು ಲೆಕ್ಕ ಮತ್ತೆ ಕೊಡಿ. ಡೈರಿ ತೆಗೆದು ಹೋಲಿಸಿ. ಯಾರು ಇನ್ನೂ ಅಲ್ಲೇ ನಿಂತಿದ್ದಾರೋ ಅವರ ಗುಂಪು ಬದಲಿಸಿ, ಕಾರ್ಡು ಸುಲಭ ಮಾಡಿ. ಸುತ್ತಲಿನ ಶಾಲೆಗಳ ಶಿಕ್ಷಕರು ಸೇರೋ ಕ್ಲಸ್ಟರಿನ ಸಮಾಲೋಚನಾ ಸಭೆಗೆ ಹೋಗುವಾಗ ಆ ಡೈರಿ, ಮಕ್ಕಳ ನೋಟ್‌ಬುಕ್ಕು ಎರಡನ್ನೂ ಒಯ್ಯಿರಿ, ಏನು ನಡೆಯಲಿಲ್ಲ ಅನ್ನೋದನ್ನೂ ಅಲ್ಲಿ ಹೇಳಿ.